ಕೋಳಿಮರಿಗಳ ನಡುವೆ ನಾಯಿಮರಿ

ಮೈಸೂರು
೧೨-೪-೧೯೪೬

ಆತಗೂರಿನಲ್ಲಿರುವ ಅವ್ವನಿಗೆ ಮಗನ ನಮಸ್ಕಾರಗಳು.

ನಾನು ಡಾಕ್ಟರ್ ಪರೀಕ್ಷೆಯಲ್ಲಿ ಪಾಸಾದೆ ಅವ್ವ. ಈ ಕಾಗದವನ್ನು ಮೇಷ್ಟ್ರಿಂದ ಎರಡು ಸಲ ಓದಿಸಿಕೊ. ಭಾನುವಾರ ಮದ್ದೂರು ಸ್ಟೇಷನ್ನಿಗೆ ಗಾಡಿ ಕಳಿಸು.

ಕೊನೆಯ ದಿನ ಬಾಯಲ್ಲೇ ಉತ್ತರ ಹೇಳುವ ಪರೀಕ್ಷೆ ಇತ್ತು. ಅದರಲ್ಲಿ ತಪ್ಪಿದ್ದರೆ ಇನ್ನೊಂದು ವರ್ಷ ಓದಬೇಕಿತ್ತು. ದೊಡ್ಡ ಡಾಕ್ಟರು ಕೇಳಿದರು: "ರೋಗಾಣುಗಳನ್ನು ಕೊಲ್ಲುವ ಕಾವಲುಗಾರರು ನಮ್ಮ ರಕ್ತದಲ್ಲಿದ್ದಾರೆ. ಅವರು ನಮ್ಮ ಮೈಯನ್ನೇ ಏಕೆ ಕೊಲ್ಲುವುದಿಲ್ಲ?"

ಪುಸ್ತಕದಲ್ಲಿ ಉತ್ತರವಿರಲಿಲ್ಲ. ನೀನು ನೆನಪಾದೆ. ಕಾವಲಿಗೆ ಸಾಕುವ ನಾಯಿಮರಿಗಳನ್ನು ನೀನು ಮೊದಲು ಕೋಳಿಮರಿಗಳ ನಡುವೆ ಬಿಡುತ್ತಿದ್ದೆ. ಕೋಳಿಮರಿಯನ್ನು ಕಚ್ಚಿದ ನಾಯಿಮರಿಯನ್ನು ಜೀವಸಹಿತ ಉಳಿಸುತ್ತಿರಲಿಲ್ಲ. "ಮನೇದ್ಯಾವ್ದು, ಒರಗಿಂದ್ಯಾವ್ದು ಅಂತ ತಿಳೀದಿದ್ ಮ್ಯಾಕೆ ಅದ್ಯಾತರ ಕಾವಲು ನಾಯ್ಲಾ?" ಎನ್ನುತ್ತಿದ್ದೆ.

ಅದನ್ನೇ ಹೇಳಿದೆ. ಮೈಗೇ ಬಾಯಿ ಹಾಕುವ ಕಾವಲುಗಾರರು ಎಳವೆಯಲ್ಲೇ ಮೈಯೊಳಗೆ ಸಾಯುತ್ತಿರಬಹುದು ಎಂದೆ.

ಅವರು ನಗಲಿಲ್ಲ. "ಹಾಗೆಂದು ಇನ್ನೂ ಯಾರೂ ತೋರಿಸಿಲ್ಲ. ಆದರೆ ಯೋಚಿಸಬೇಕಾದ ಮಾತು. ಯಾರಯ್ಯ ನಿನಗೆ ಹೇಳಿಕೊಟ್ಟವರು?" ಎಂದರು.

"ನಮ್ಮವ್ವ ಸಾರ್, ದೊಡ್ಡತಾಯಮ್ಮ" ಎಂದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

ಅಂಥ ಮರಿಯನ್ನು ಹೂಳಿದ ದಿನ ನೀನು ಊಟ ಮುಟ್ಟುತ್ತಿರಲಿಲ್ಲ. ಅದೊಂದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ನಿನ್ನ ಮಗ,
ಕರಿಸಿದ್ದ