ಮಿಲ್ ಗೇಟಿನ ಪಿಟೀಲು

ಮನೆಯಿಂದ,
ಮಂಗಳವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಕಳುಹಿಸಿದ ಕಂಬಳಿ ನಿನ್ನ ಕೈ ಸೇರಿತೋ, ನಡುವೆ ಇನ್ಯಾರಾದರೂ ಹೊದ್ದುಕೊಂಡರೋ? ಈ ಕಾಗದವನ್ನು ನಿನಗಿಂತ ಮೊದಲು ಓದುವ ಜೈಲರ್ ಸಾಹೇಬರಿಗೂ ನನ್ನ ನಮಸ್ಕಾರ. ಅಮ್ಮ ಹೇಗೋ ಇದ್ದಾಳೆ. ಬಾಗಿಲು ಸದ್ದಾದರೆ ಸಾಕು, ನೀನೇ ಬಂದೆ ಎಂದು ಎದ್ದು ಕೂರುತ್ತಾಳೆ. ಮನೆ ಬಿಕೋ ಎನ್ನುತ್ತಿದೆ ಅಕ್ಕಾ.

ಹೋಟೆಲಿನವರು ನನ್ನನ್ನು ಕೆಲಸದಿಂದ ಬಿಡಿಸಿದರು. ಮಿಲ್ ಗೇಟಿನಲ್ಲಿ ಪಿಟೀಲು ಹಿಡಿದು ನಿಂತವನು ಊಟದ ಹಾಲಿನಲ್ಲಿ ನುಡಿಸಿದರೆ ಗಿರಾಕಿಗಳಿಗೆ ತುತ್ತು ಇಳಿಯುವುದಿಲ್ಲವಂತೆ. ಮೊದಲು ನಾನೂ ಅವರ ಹಾಗೆಯೇ ಇದ್ದೆನಲ್ಲ. ನೀನು ಯೂನಿಯನ್ ಸಭೆ ಮುಗಿಸಿ ಬಂದು ಮಗ್ಗಗಳ ಗದ್ದಲದ ಮಾತು ಎತ್ತಿದರೆ, ನನಗೆ ರಾಜಕೀಯ ಬೇಡ, ಶ್ರುತಿ ಸೇರಿದರೆ ಸಾಕು ಎನ್ನುತ್ತಿದ್ದೆ. ನೀನು ನಕ್ಕು, ‘ಆಯ್ತಪ್ಪ ಕುಂಯ್‌ಕುಂಯ್, ನುಡಿಸು’ ಎಂದು ಎದುರಿಗೆ ಕೂರುತ್ತಿದ್ದೆ. ಷಡ್ಜ ಹಾಡಿ ತೋರಿಸಿ ನನಗೆ ತಂತಿ ಬಿಗಿಯಲು ಕಲಿಸಿದವಳೇ ನೀನು. ನಿನ್ನ ಕಿವಿಗೆ ಹೆದರಿದಷ್ಟು ನಾನು ಯಾವ ವಿದ್ವಾಂಸರಿಗೂ ಹೆದರಿದವನಲ್ಲ.

ಆ ದಿನ ಮೇಲಿನ ತಂತಿಯ ತುದಿಯಲ್ಲಿ ಮೈಮರೆತು ನುಡಿಸುತ್ತಿದ್ದೆ. ‘ಯಾಕೋ ನಿಲ್ಲಿಸ್ಬಿಟ್ಟೆ? ಬರೀ ಕೈ ಆಡಿಸ್ತಿದ್ದೀಯಲ್ಲ’ ಅಂದೆ ನೀನು. ತಮಾಷೆ ಮಾಡುತ್ತಿದ್ದೀಯ ಎಂದುಕೊಂಡು ನಿನ್ನ ಮುಖ ನೋಡಿದೆ. ನೀನು ನಗುತ್ತಿರಲಿಲ್ಲ; ನನ್ನ ಕಮಾನು ಇನ್ನೂ ತಂತಿಯ ಮೇಲೇ ಓಡುತ್ತಿತ್ತು. ನನ್ನ ಪಿಟೀಲು, ಪಾಠ, ತುತ್ತು ಎಲ್ಲವೂ ಆ ಮಗ್ಗಗಳ ಸಂಬಳದಿಂದಲೇ ಬಂದದ್ದು.

ಮಾರನೆಯ ದಿನ ಪಾಳಿ ಬಿಡುವ ಹೊತ್ತಿಗೆ ನಾನು ಗೇಟಿಗೆ ಬಂದದ್ದು ನಿನಗೆ ನೆನಪಿದ್ದೇ ಇರುತ್ತದೆ. ಸ್ವರ ಕೇಳಿಸುತ್ತಿರುವಷ್ಟು ಹೊತ್ತು ಕೈ ಎತ್ತಿಕೊಂಡಿರಿ ಎಂದು ನಿನ್ನ ಗೆಳತಿಯರಿಗೆ ಹೇಳಿ, ದಪ್ಪ ತಂತಿಯಿಂದ ಶುರುಮಾಡಿ ಮೇಲಕ್ಕೆ ಹೋದೆ. ಒಂದೊಂದೇ ಕೈ ಇಳಿಯಿತು. ಕೊನೆಗೆ ಎತ್ತಿದ ಕೈ ಎತ್ತಿದಂತೆಯೇ ನಿಂತವರು ಹೊರಗಿನ ಕಾವಲುಗಾರ ಮತ್ತು ಹಿಂದಿನ ವಾರವಷ್ಟೇ ಸೇರಿದ್ದ ಹುಡುಗಿ. ಅಷ್ಟು ಸಿಟ್ಟು ನನಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ. ಆಮೇಲೆ ನಿಮ್ಮ ಸಭೆಗೆ ನನ್ನನ್ನು ಯಾರೂ ಕರೆಯಬೇಕಾಗಲಿಲ್ಲ. ಕಿವಿ ಹೋದದ್ದಕ್ಕೆ ಪರಿಹಾರ ಕೊಡಿ ಎಂದು ನೀವು ಮಗ್ಗ ನಿಲ್ಲಿಸಿದಿರಿ. ಯಂತ್ರ ಮುರಿದಳೆಂದು ಸುಳ್ಳು ಕೇಸು ಹಾಕಿ ನಿನ್ನನ್ನು ಒಳಗೆ ಹಾಕಿದರು.

ಹೊತ್ತಿಗೆ ಸರಿಯಾಗಿ ಉಣ್ಣು. ಗೆಳತಿಯರು ಬಂದು ನಿನ್ನನ್ನು ವಿಚಾರಿಸುತ್ತಾರೆ, ಬೀದಿಗೆಲ್ಲ ಕೇಳುವ ಹಾಗೆ. ಅಮ್ಮ ಆಶೀರ್ವಾದ ಬರೆಯಲು ಹೇಳಿದ್ದಾಳೆ.

ನಿನ್ನ ತಮ್ಮ,
ಕುಂಯ್‌ಕುಂಯ್

ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿನ್ನೆ ಮಿಲ್ಲಿನ ವಕೀಲರು ಬಂದಿದ್ದರು. ಅಕ್ಕ ಹುಟ್ಟುಕಿವುಡಿ ಎಂದು ನಾನು ಬರೆದುಕೊಟ್ಟರೆ ಕೇಸು ವಾಪಸು, ಈ ವಾರವೇ ನೀನು ಮನೆಗೆ ಎಂದರು. ಬರೆದುಕೊಡಲಿಲ್ಲ ಅಕ್ಕಾ. ಅಮ್ಮನಿಗೆ ಇದನ್ನು ಹೇಗೆ ಹೇಳಲಿ ಎಂದು ನೀನೇ ನನಗೆ ತಿಳಿಸು.