ಮೊಹರು ಒತ್ತದ ತಪ್ಪೊಪ್ಪಿಗೆ

ಹಮಾಮತ್ಸು, ಜೂನ್ 12

ಉಬುಕಾತಾ ಸೆನ್ಸೇ ಅವರಿಗೆ,

ತಪ್ಪೊಪ್ಪಿಗೆ ಬರೆದು, ಸಹಿಯ ಬದಲು ನನ್ನ ಹೆಸರಿನ ಮೊಹರು ಒತ್ತಿ ಕೊಡಬೇಕೆಂದು ನಿನ್ನೆ ಹೇಳಿದಿರಿ. ಬರೆಯಲು ಕೂತೆ. ತಪ್ಪು ಯಾವುದೆಂದೇ ತಿಳಿಯಲಿಲ್ಲ.

ಔಷಧಿ ಹಾಕಿದಾಗ ಪ್ರಯೋಗಾಲಯದ ಉಳಿದವರು ಕೊಯ್ದ ಮೊಲದ ರಕ್ತನಾಳ ಬಿಗಿಯುತ್ತದೆ, ನಾನು ಕೊಯ್ದದ್ದು ಸಡಿಲಗೊಳ್ಳುತ್ತದೆ. ನಿಜ. "ಏನಮ್ಮಾ ಕುರಾಮೋಚಿ, ಇಪ್ಪತ್ತು ವರ್ಷ ಆದ್ರೂ ಒಂದು ನಾಳ ನೆಟ್ಟಗೆ ಕೊಯ್ಯೋಕೆ ಬರಲ್ವಾ?" ಎಂದು ಎಲ್ಲರೆದುರು ಕೇಳಿದಿರಿ. ಎಲ್ಲರೂ ನಕ್ಕರು.

ನಿಮ್ಮ ನಿಯಮದಂತೆ ಅವರೆಲ್ಲ ನಾಳದ ಒಳಗನ್ನು ಹತ್ತಿಯಿಂದ ಉಜ್ಜುತ್ತಾರೆ. ನಾನು ಉಜ್ಜುವುದಿಲ್ಲ. ನಮ್ಮಪ್ಪ ಹಾವುಮೀನು ಕೊಯ್ದು ಮಾರುತ್ತಿದ್ದವರು. "ಒಳಗೆಲ್ಲ ಬೆರಳಾಡಿಸ್ಬೇಡ ಕಣೇ, ಹಾಳಾಗುತ್ತೆ" ಎನ್ನುತ್ತಿದ್ದರು. ಅವರಿಂದ ಕಲಿತ ಆ ಕೈಯಭ್ಯಾಸ ನನಗೆ ಇನ್ನೂ ಹಾಗೇ ಇದೆ.

ಇವತ್ತು ಒಂದೇ ನಾಳದಿಂದ ಉಂಗುರದಂಥ ಎರಡು ತುಂಡು ಕೊಯ್ದೆ. ಒಂದರ ಒಳಗನ್ನು ನಿಮ್ಮಿಷ್ಟದಂತೆ ಉಜ್ಜಿದೆ, ಇನ್ನೊಂದನ್ನು ಮುಟ್ಟಲಿಲ್ಲ. ಎರಡಕ್ಕೂ ಅದೇ ಔಷಧಿ ಹಾಕಿದೆ. ಉಜ್ಜಿದ್ದು ಬಿಗಿಯಿತು, ಉಜ್ಜದ್ದು ಸಡಿಲಾಯಿತು. ನಾಲ್ಕು ಸಲ ಮಾಡಿದರೂ ಹಾಗೇ. ಸಡಿಲಾಗು ಎಂದು ನಾಳಕ್ಕೆ ಹೇಳುವುದೇ ಒಳಗಿನ ಆ ತೆಳು ಪೊರೆ. ಇಷ್ಟು ವರ್ಷ ಅದನ್ನೇ ಕೊಳೆಯೆಂದು ಒರೆಸಿ ಎಸೆದಿದ್ದೀರಿ.

ದಯವಿಟ್ಟು ಶುಕ್ರವಾರ ಬೆಳಿಗ್ಗೆ ನನ್ನ ಮೇಜಿಗೆ ಬನ್ನಿ. ಉಂಗುರಗಳನ್ನು ಕೊಯ್ದಿಟ್ಟಿರುತ್ತೇನೆ, ಉಜ್ಜುವುದನ್ನು ನೀವೇ ಮಾಡಿ. ಆಮೇಲೂ ತಪ್ಪು ನನ್ನದೇ ಎನ್ನಿಸಿದರೆ ಅಲ್ಲೇ ಬರೆದು ಒತ್ತಿಕೊಡುತ್ತೇನೆ, ನನ್ನ ಮೊಹರು ಕೋಟಿನ ಜೇಬಿನಲ್ಲೇ ಇದೆ.

ಬರುವಾಗ ನಿಮ್ಮ ಮೊಹರನ್ನೂ ತನ್ನಿ.

ಇಂತಿ,
ನಿಮ್ಮ ಪ್ರಯೋಗಾಲಯದ ಸಹಾಯಕಿ
ಕುರಾಮೋಚಿ ಹತ್ಸುಎ