ಎಳೆಗೂಸಿಲ್ಲದ ಬಾಣಂತನ

ಅರಸೀಕೆರೆ
೧೨ ಆಗಸ್ಟ್ ೨೦೦೧

ಪ್ರೀತಿಯ ಮಗಳು ಧನುಶ್ರೀಗೆ ಅಪ್ಪನ ಮೈತ್ರಿಪೂರ್ವಕ ಹಾರೈಕೆಗಳು.

ಜ್ವರ ಪೂರ್ತಿ ಬಿಟ್ಟಿದೆಯೇ? ಊಟ ಸೇರುತ್ತಿದೆಯೇ? ತಣ್ಣನೆಯ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡಬೇಡ. ನಾನು ಆರೋಗ್ಯವಾಗಿದ್ದೇನೆ. ಜಂಕ್ಷನ್ನಿನ ಸಿಗ್ನಲ್ ಕೆಲಸ ಯಥಾಪ್ರಕಾರ ನಡೆದಿದೆ.

ಗರ್ಭ ನಿಲ್ಲಲಿಲ್ಲವೆಂದು ಅಳಿಯಂದಿರು ಫೋನಿನಲ್ಲಿ ತಿಳಿಸಿದೊಡನೆ ನಾನು ಮೆಣಸಿನ ಸಾರು ಕಾಸಿಕೊಂಡು ಬೇಲೂರಿನ ಬಸ್ಸು ಹತ್ತಿದ್ದೆ. ಮೊದಲ ಬಾಣಂತನ ತವರಿನದು. ಮಗು ಉಳಿಯದಿದ್ದರೂ ಮೈ ಬಾಣಂತಿಯದೇ ಎಂಬುದು ನನ್ನ ತಿಳುವಳಿಕೆ. ನಿನ್ನ ತಾಯಿ ಇಲ್ಲದ ಮೇಲೆ ತವರೆಂದರೆ ನಾನೊಬ್ಬನೇ. ಆದರೆ ಆಸ್ಪತ್ರೆಯ ನರ್ಸ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಏನಾಯಿತು, ಏಕಾಯಿತು, ಮುಂದೇನು ಎಂಬ ನನ್ನ ಯಾವ ಪ್ರಶ್ನೆಗೂ ಅವರು ಉತ್ತರ ಕೊಡಲಿಲ್ಲ. "ಅಪ್ಪ ಆಗಿರಿ, ಅಜ್ಜ ಆಗಿರಿ ಸಾರ್. ಯಾರಿಗೂ ಹೇಳಬ್ಯಾಡಿ ಅಂತ ಪೇಷೆಂಟೇ ಅಂದವ್ರೆ. ನಾವ್ ಹೇಳಂಗಿಲ್ಲ," ಎಂದರು. ಅಜ್ಜ ಎಂಬ ಪದವನ್ನು ಅವರು ಅರಿಯದೇ ಬಳಸಿದ್ದರು.

ಅಷ್ಟರಲ್ಲಿ ಒಳಗಿನಿಂದ ನಿನ್ನ ಅತ್ತೆ ಸಣ್ಣತಾಯಮ್ಮನವರು ಬಂದರು. ಅವರನ್ನು ಯಾರೂ ತಡೆಯಲಿಲ್ಲ. ಡಾಕ್ಟರಮ್ಮ ಅವರ ಹೆಗಲ ಮೇಲೆ ಕೈಯಿಟ್ಟು ಮೆಲುದನಿಯಲ್ಲಿ ಮಾತನಾಡುತ್ತಿದ್ದರು. ಎಲ್ಲವನ್ನೂ ಅವರೊಬ್ಬರಿಗೇ ಹೇಳಬಹುದೆಂದು ನೀನೇ ಒಪ್ಪಿದ್ದೆಯಂತೆ. ನಾನು ತವರಿನ ಮಾತೆತ್ತಿದೆ. "ಬೀಗ್ರೆ, ಎಳೆಗೂಸಿಲ್ದ ಬಾಣಂತನ ಯಾವ ಮನೇದು ಅಂತ ಯಾವ ಶಾಸ್ತ್ರನೂ ಹೇಳಾಕಿಲ್ಲ ಕಣ್ರೀ. ಮಗ ಮಲಗೈತೆ, ಎಬ್ಬಿಸಬ್ಯಾಡಿ," ಎಂದರು. ನನ್ನ ಮಗಳನ್ನು ಅವರು ಮಗ ಎಂದರು. ಸಾರನ್ನು ಅವರ ಕೈಗೇ ಕೊಟ್ಟು ಹಿಂತಿರುಗಿದೆ.

ಅತ್ತೆಮನೆಗೆ ಹೆದರಿ ಹೆಣ್ಣುಮಕ್ಕಳು ತವರಿಗೆ ಗುಟ್ಟು ಹೇಳುವುದನ್ನು ಕೇಳಿದ್ದೇನೆ; ತವರನ್ನು ಹೊರಗಿಟ್ಟು ಅತ್ತೆಗೆ ಹೇಳಿದ್ದನ್ನು ಕೇಳಿರಲಿಲ್ಲ. ನೀನು ಮೊದಲ ಬಾರಿ ಮುಟ್ಟಾದಾಗ ನೆರೆಮನೆಯ ದ್ಯಾವಮ್ಮನನ್ನು ಕರೆತಂದವನು ನಾನು. ಥರ್ಮಾಮೀಟರು ಹಿಡಿದು ನಿನ್ನ ಪಕ್ಕ ಕುಳಿತವನೂ ನಾನೇ. ನನಗಾಗುತ್ತಿರುವುದಕ್ಕೆ ಹೊಟ್ಟೆಕಿಚ್ಚು ಎನ್ನದೆ ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಮದುವೆಯಾಗಿ ಎರಡು ವರ್ಷವಷ್ಟೇ. ಅಷ್ಟರಲ್ಲಿ ನಿನ್ನ ಅತ್ತೆ ಗಳಿಸಿದ್ದನ್ನು ನಾನು ಗಳಿಸಿರಲಿಲ್ಲವೇ?

ಆದರೂ ಆ ನರ್ಸ್ ಮಾಡಿದ್ದು ಸರಿ. ನಿನ್ನ ದೇಹದ ವಿಷಯ. ಯಾರಿಗೆ ತಿಳಿಯಬೇಕೆಂಬುದು ನಿನ್ನ ಹಕ್ಕು. ಇದನ್ನು ಬುದ್ಧಿ ಒಪ್ಪಿದೆ. ಉಳಿದದ್ದು ಇನ್ನೂ ಒಪ್ಪಿಲ್ಲ.

ಇಲ್ಲಿ ನಮ್ಮ ಡಾಕ್ಟರ್ ಚನ್ನಪ್ಪ, "ಏನ್ಲಾ ಭೀಮ, ಹಿಂಗ್ ಸೊರಗ್ತಾ ಇದೀಯ! ಆ ಆಸ್ಪತ್ರೇಲಿ ನಮ್ಮ ಹುಡುಗ ಒಬ್ಬ ಅವ್ನೆ, ಒಂದು ಫೋನ್ ಹಾಕಿದ್ರೆ ಎಲ್ಲಾ ಬಾಯ್ಬಿಡ್ತಾನೆ," ಎಂದ. ಬೇಡವೆಂದೆ. ಹಾಗೆನ್ನಲು ಸ್ವಲ್ಪ ಸಮಯ ಹಿಡಿಯಿತು.

ಅಳಿಯಂದಿರಿಗೆ ಜೈಭೀಮ್. ಬೀಗಿತ್ತಿಯವರಿಗೂ ನನ್ನ ನಮಸ್ಕಾರ ಹೇಳು. ಸಾರಿಗೆ ಮೆಣಸು ಹೆಚ್ಚಾಗಿತ್ತೆಂದು ಅವರು ಹೇಳಿದ್ದರೆ ನಂಬಬೇಡ. ನಿನಗೆ ಸಕಲ ಮಂಗಳವಾಗಲಿ.

ನಿನ್ನ ಅಪ್ಪ
ಭೀಮರಾಜ್

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಚನ್ನಪ್ಪ ಮನೆಗೇ ಬಂದಿದ್ದ. ನಾನು ಬೇಡವೆಂದರೂ ಫೋನ್ ಮಾಡಿದ್ದಾನೆ. ಅಲ್ಲಿನ ಹುಡುಗ ಎಲ್ಲವನ್ನೂ ಹೇಳಿದ್ದಾನೆ. ಇಷ್ಟು ಹೇಳಿ ಚನ್ನಪ್ಪ ವಿವರಕ್ಕಿಳಿಯುವ ಮೊದಲೇ ನಾನು ಎದ್ದು ಹೊರಬಂದೆ. ನಿನ್ನ ಒಪ್ಪಿಗೆಯಿಲ್ಲದೆ ನಿನ್ನ ವಿಷಯ ಆಸ್ಪತ್ರೆಯಿಂದ ಹೊರಬಿದ್ದಿದೆ. ಡಾಕ್ಟರಮ್ಮನಿಗೆ ದೂರು ಕೊಡು. ಗೆಳೆತನ ನೋಡದೆ ನಾನು ಸಾಕ್ಷಿ ಹೇಳುತ್ತೇನೆ. ಈಗ ಚನ್ನಪ್ಪನಿಗೂ ಗೊತ್ತು, ಮಗಳೇ. ಗೊತ್ತಿಲ್ಲದವನು ನಾನೊಬ್ಬನೇ.